ಮಂಗಳೂರಿನ ಸೆಕೆಗೆ ತಡೆಯೋ ಸ್ಟಿಕ್ಕರ್

ಇದನ್ನ ಟೈಪ್ ಮಾಡ್ತಿರೋವಾಗ ನನ್ನ ಎಡಗಡೆ ಭುಜದ ಮೂಳೆ ಕೆಳಗೆ ಸಾಲಾಗಿ ನಾಲ್ಕು ಇಸಿಜಿ ಸ್ಟಿಕ್ಕರ್ ಅಂಟ್ಕೊಂಡಿವೆ. ನಂಗೇನೂ ಆಗಿಲ್ಲ, ಗಾಬರಿ ಬೇಡ. ನಾಲ್ಕು ಕಂಪನಿಯವ್ರು ಸ್ಯಾಂಪಲ್ ಕೊಟ್ಟು ಹೋಗಿದಾರೆ, ಮುಂದಿನ ವರ್ಷಕ್ಕೆ ಯಾವ್ದು ತರಿಸ್ಬೇಕು ಅಂತ ನಾನು ಬರ್ದು ಕೊಡ್ಬೇಕು, ಅದಕ್ಕೆ ನಿನ್ನೆ ಸಂಜೆ ಡ್ಯೂಟಿ ಮುಗ್ಸಿ ನಾಲ್ಕನ್ನೂ ಹಚ್ಕೊಂಡು ಮನೆಗೆ ಬಂದೆ. ಅಡುಗೆ, ಬಟ್ಟೆ ಒಗೆಯೋದು, ಮಗನ ಜೊತೆ ಬಸ್ ಸ್ಟಾಪಿಗೆ ಓಡೋದು, ಎಲ್ಲಾ ಇದ್ರ ಜೊತೇನೇ. ನಮ್ಮತ್ತೆ ನೋಡಿ "ಇದೆಂಥದು ಮಾರಾಯ್ತಿ, ಬೊಟ್ಟಿನ ಪ್ಯಾಕೆಟ್ ಅಂಟಿಸ್ಕೊಂಡ ಹಾಗೆ" ಅಂದ್ರು.

ನಾನು ಹೋಲ್ಟರ್ ಮತ್ತೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ಓಡಿಸ್ತಾ ಇಸಿಜಿ ತೆಗೆಯೋದು) ಟೆಕ್ನಿಷಿಯನ್. ಮೈಸೂರಲ್ಲಿ ಆರು ವರ್ಷ ಇದೇ ಕೆಲಸ ಮಾಡಿ ಮದುವೆ ಆಗಿ ಮಂಗಳೂರಿಗೆ ಬಂದವ್ಳು. ಬಂದ ಮೊದಲನೇ ಮೇ ತಿಂಗಳಲ್ಲೇ ಗೊತ್ತಾಯ್ತು, ಮೈಸೂರಿನ ನನ್ನ ವಿದ್ಯೆ ಇಲ್ಲಿ ಅರ್ಧಕ್ಕೆ ಅರ್ಧ ನಡೆಯಲ್ಲ ಅಂತ. ಅಲ್ಲಿ ಒಂದ್ಸಲ ಅಂಟಿಸಿದ್ರೆ ಮಾರನೇ ದಿನ ಕಿತ್ತು ತೆಗೆಯೋದೇ ಕಷ್ಟ. ಇಲ್ಲಿ ಪೇಷೆಂಟು ಲಿಫ್ಟ್ ಇಳಿಯೋಷ್ಟರಲ್ಲಿ ಒಂದು ಸ್ಟಿಕ್ಕರ್ ಜಾರಿ ಬನಿಯನ್ನಿಗೆ ಅಂಟ್ಕೊಂಡಿರುತ್ತೆ. ಅದೇ ಕಂಪನಿ, ಅದೇ ಡಬ್ಬ. ಸೆಕೆ ಮಾತ್ರ ಬೇರೆ.

ಗೊತ್ತಿಲ್ಲದವ್ರಿಗೆ ಹೇಳ್ಬೇಕು ಅಂದ್ರೆ, ಹೋಲ್ಟರ್ ಅನ್ನೋದು 24 ಗಂಟೆ ಅಥ್ವಾ 48 ಗಂಟೆ ಸೊಂಟಕ್ಕೆ ಕಟ್ಕೊಂಡು ಓಡಾಡೋ ಪುಟ್ಟ ಇಸಿಜಿ ಮಷಿನ್. ನಾರ್ಮನ್ ಹೋಲ್ಟರ್ ಅಂತ ಅಮೆರಿಕದ ಮೊಂಟಾನಾದವರು ಮಾಡಿದ ಮೊದಲ ಮಷಿನ್ ಸುಮಾರು 38 ಕಿಲೋ ಇತ್ತಂತೆ, ಬೆನ್ನಿಗೆ ಹೊತ್ಕೋಬೇಕಿತ್ತು. ಈಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮಷಿನ್ ಅಷ್ಟು ಸಣ್ಣ ಆಯ್ತು, ಸಾಫ್ಟ್‌ವೇರ್ ಅಷ್ಟು ಜಾಣ ಆಯ್ತು, ಆದ್ರೆ ಇವತ್ತಿಗೂ ಎಲ್ಲಾ ನಿಂತಿರೋದು ಚರ್ಮಕ್ಕೂ ವೈರಿಗೂ ಮಧ್ಯ ಇರೋ ಕೆಲವೇ ರೂಪಾಯಿಯ ಒಂದು ಸ್ಟಿಕ್ಕರ್ ಮೇಲೆ. ಲಕ್ಷಾಂತರ ಕೊಟ್ಟು ಮಷಿನ್ ತಗೊಳ್ಳೋ ಮ್ಯಾನೇಜ್‌ಮೆಂಟು ಸ್ಟಿಕ್ಕರ್ ವಿಷಯ ಬಂದಾಗ ಮಾತ್ರ ಎಂಟಾಣೆಗೆ ಚೌಕಾಸಿ ಮಾಡುತ್ತೆ. ಇದು ನನ್ನ ಹಳೇ ಹೊಟ್ಟೆಯುರಿ.

2021ರ ಕಥೆ ಹೇಳ್ತೀನಿ. ಅಕ್ಟೋಬರ್ 29ಕ್ಕೆ ಪುನೀತ್ ಹೋದ್ರಲ್ಲ, ಅದಾದ್ಮೇಲೆ ಕರ್ನಾಟಕದಲ್ಲಿ ಎದೆ ಮುಟ್ಟಿ ನೋಡ್ಕೊಳ್ಳದ ಗಂಡಸು ಇರ್ಲಿಲ್ಲ. ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತಿದ್ದು ಟೀವಿಯಲ್ಲಿ ನೀವೂ ನೋಡಿರ್ತೀರ. ನಮ್ಮಲ್ಲೂ ಅದೇ, ಮೂವತ್ತು ಮೂವತ್ತೈದರ ಹುಡುಗ್ರು, ಜಿಮ್ಮಿಗೆ ಹೋಗೋರು, ಎಲ್ರಿಗೂ ಇಸಿಜಿ ಬೇಕು, ಟಿಎಂಟಿ ಬೇಕು, ಎದೆ ಹೊಡ್ಕೊಳ್ಳತ್ತೆ ಅಂದೋರಿಗೆ ಹೋಲ್ಟರ್ ಬೇಕು. ಎರಡು ತಿಂಗಳ ಸ್ಟಾಕ್ ಎರಡೇ ವಾರದಲ್ಲಿ ಖಾಲಿ. ಪರ್ಚೇಸ್‌ನವ್ರು ಎಲ್ಲಿಂದಲೋ ಒಂದು ಹೊಸ ಬ್ರ್ಯಾಂಡ್ ತಂದ್ರು, ಬೆಲೆ ಅರ್ಧ, ಎಲ್ರಿಗೂ ಖುಷಿ. (ಯಾವ ಆಸ್ಪತ್ರೆ, ಯಾವ ಬ್ರ್ಯಾಂಡು ಅಂತ ಕೇಳ್ಬೇಡಿ, ನಂಗೂ ಸಂಬಳ ಬರ್ಬೇಕು.)

ಒಂದು ವಾರ ಆಗಿರ್ಬೇಕು, ಬ್ಯಾಂಕಲ್ಲಿ ಕೆಲಸ ಮಾಡೋ ಒಬ್ರ ಹೋಲ್ಟರ್ ಡೌನ್‌ಲೋಡ್ ಮಾಡಿದೆ. ಸಾಫ್ಟ್‌ವೇರು ಕೆಂಪಕ್ಷರದಲ್ಲಿ ಹೇಳ್ತಿದೆ, ರಾತ್ರಿ ಮೂರು ಗಂಟೆಗೆ ನಾಲ್ಕು ಸೆಕೆಂಡಿಗಿಂತ ಜಾಸ್ತಿ ಪಾಸ್ (pause). ಅಂದ್ರೆ ನಾಲ್ಕು ಸೆಕೆಂಡು ಹೃದಯ ಹೊಡ್ಕೊಂಡೇ ಇಲ್ಲ. ಇಂಥದ್ದು ನಿಜ ಆಗಿದ್ರೆ ಪೇಸ್‌ಮೇಕರ್ ಮಾತು ಶುರು ಆಗುತ್ತೆ. ನಂಗೆ ಕೈ ತಣ್ಣಗಾಯ್ತು. ಆಮೇಲೆ ಆ ಜಾಗ ದೊಡ್ಡದು ಮಾಡಿ ನೋಡ್ತೀನಿ, ಮೂರು ಚಾನೆಲ್ಲಲ್ಲಿ (ಅಂದ್ರೆ ಬೇರೆ ಬೇರೆ ಸ್ಟಿಕ್ಕರ್‌ಗಳ ನಡುವೆ ಬರೋ ಮೂರು ಗೆರೆಯಲ್ಲಿ) ಎರಡು ಚಪ್ಪಟೆ, ಮೂರನೇದ್ರಲ್ಲಿ ಬೀಟು ಆರಾಮಾಗಿ ಟಿಕ್ ಟಿಕ್ ಅಂತ ನಡೀತಿದೆ. ಚಪ್ಪಟೆ ಆಗಿರೋ ಎರಡಕ್ಕೂ ಕಾಮನ್ ಆಗಿ ಇದ್ದದ್ದು ಒಂದೇ ಸ್ಟಿಕ್ಕರ್. ಹೃದಯ ನಿಲ್ಲೋದಾದ್ರೆ ಮೂರೂ ಚಾನೆಲ್ಲಲ್ಲಿ ನಿಲ್ಲಬೇಕು ಅಲ್ವಾ, ಒಂದ್ರಲ್ಲಿ ನಡೆದು ಎರಡ್ರಲ್ಲಿ ನಿಲ್ಲಕ್ಕೆ ಅದೇನು ಕೆಎಸ್‌ಆರ್‌ಟಿಸಿ ಬಸ್ಸಾ. ಇನ್ನೊಂದು ಗುರುತು, ನಿಜವಾದ ಪಾಸ್ ಆದ್ರೆ ಹಿಂದಿನ ಬೀಟು ಅದ್ರ ಕೊನೆ ಅಲೆ ತನಕ ಪೂರ್ತಿ ಮುಗ್ದು ಆಮೇಲೆ ಗೆರೆ ಸುಮ್ನಾಗುತ್ತೆ, ಇಲ್ಲಿ ಬೀಟಿನ ನಡುವೆ ಕತ್ತರಿ ಹಾಕ್ದಂಗೆ ತುಂಡಾಗಿತ್ತು. ಡಾಕ್ಟ್ರಿಗೆ ತೋರಿಸ್ದೆ, ಅವ್ರು ನೋಡಿ ನಕ್ಕು "ಸ್ಟಿಕ್ಕರಿಗೆ ಪೇಸ್‌ಮೇಕರ್ ಹಾಕೋಣ" ಅಂದ್ರು. ನಗೋ ವಿಷಯ ಅಲ್ಲ ಅದು. ಆ ವ್ಯಕ್ತಿಗೆ ಮತ್ತೆ ಫೋನ್ ಮಾಡಿ, ಮತ್ತೆ ರಜೆ ಹಾಕ್ಸಿ, ಮತ್ತೆ 24 ಗಂಟೆ ಕಟ್ಟಿದ್ದು ನಾನು. ಎರಡನೇ ಸಲ ಹಳೇ ಬ್ರ್ಯಾಂಡ್ ಹುಡುಕಿ ತಂದು ಹಾಕ್ದೆ, ಏನೂ ಇಲ್ಲ, ಕ್ಲೀನ್.

ಅವತ್ತಿಂದ ನಾನು ಸ್ಟಿಕ್ಕರ್ ಹಿಂದೆ ಬಿದ್ದೆ ಅಂತ್ಲೇ ಹೇಳ್ಬೇಕು.

ಮೊದ್ಲು ನಮ್ಮ ಬಯೋಮೆಡಿಕಲ್ ಎಂಜಿನಿಯರ್ ಹತ್ರ ಕೂತು ಕೇಳ್ದೆ, ಇದ್ರೊಳಗೆ ಇರೋದಾದ್ರೂ ಏನು. ಅವ್ನು ಬ್ಲೇಡ್ ತಗೊಂಡು ಒಂದನ್ನ ಸೀಳಿ ತೋರಿಸ್ದ. ಮೇಲೆ ವೈರ್ ಸಿಕ್ಕಿಸೋ ಲೋಹದ ಗುಂಡಿ, ಟಿಚ್ ಬಟನ್ ಥರಾದ್ದು. ಅದ್ರ ಕೆಳಗೆ ಇನ್ನೊಂದು ಗುಂಡಿ, ಅದು ಸಾಮಾನ್ಯವಾಗಿ ಪ್ಲಾಸ್ಟಿಕ್ಕು, ಆದ್ರೆ ಮೇಲೆ ತೆಳ್ಳಗೆ ಬೆಳ್ಳಿ ಲೇಪ, ಆ ಬೆಳ್ಳಿ ಮೇಲೆ ಸಿಲ್ವರ್ ಕ್ಲೋರೈಡ್ ಪದರ. ಅದ್ರ ಕೆಳಗೆ ಉಪ್ಪಿನ ಅಂಶ ಇರೋ ಜೆಲ್. ಸುತ್ತ ಅಂಟು ಹಚ್ಚಿರೋ ಫೋಮೋ ಬಟ್ಟೆಯೋ. ಅಷ್ಟೇ. ದೇಹದೊಳಗೆ ಕರೆಂಟು ಹರಿಯೋದು ಉಪ್ಪಿನ ಅಯಾನುಗಳ ರೂಪದಲ್ಲಿ, ವೈರಲ್ಲಿ ಹರಿಯೋದು ಎಲೆಕ್ಟ್ರಾನ್ ರೂಪದಲ್ಲಿ, ಇವೆರಡಕ್ಕೂ ಭಾಷೆ ಬೇರೆ, ಮಧ್ಯ ಅನುವಾದ ಮಾಡೋನು ಈ ಸಿಲ್ವರ್ ಕ್ಲೋರೈಡ್. ಹಿಂದೆ 1900ರ ಶುರುವಲ್ಲಿ ಐಂಥೋವನ್ ಅನ್ನೋ ಡಚ್ ವಿಜ್ಞಾನಿ ಇಸಿಜಿ ತೆಗೀತಿದ್ದಾಗ ಪೇಷೆಂಟಿನ ಎರಡೂ ಕೈ, ಒಂದು ಕಾಲು ಉಪ್ಪುನೀರಿನ ಪಾತ್ರೆಗಳಲ್ಲಿ ಮುಳುಗಿಸಿ ಕೂರಿಸ್ತಿದ್ರು, ಆ ಫೋಟೋ ಎಲ್ಲಾ ಟೆಕ್ನಿಷಿಯನ್ ಕೋರ್ಸಲ್ಲೂ ತೋರಿಸ್ತಾರೆ. ಅವ್ರಿಗೆ 1924ರಲ್ಲಿ ನೊಬೆಲ್ ಬಂತು. ಈ ಜೆಲ್ಲಿನ ಚುಕ್ಕೆ ಅಂದ್ರೆ ಅದೇ ಉಪ್ಪುನೀರಿನ ಬಕೆಟ್ಟು, ಬೆರಳ ಉಗುರಿನಷ್ಟು ಜಾಗಕ್ಕೆ ಇಳ್ದಿದೆ.

ಈಗ ಒಂದು ಲೆಕ್ಕ ನೋಡಿ. ಎದೆ ಮೇಲೆ ಸಿಗೋ ಹೃದಯದ ಸಿಗ್ನಲ್ಲು ಹೆಚ್ಚುಕಮ್ಮಿ 1 ಮಿಲಿವೋಲ್ಟ್. ಆದ್ರೆ ಬೆಳ್ಳಿಗೂ ಉಪ್ಪಿನ ಜೆಲ್ಲಿಗೂ ಮಧ್ಯ ಸುಮ್ನೆ ತಾನಾಗೇ ಹುಟ್ಟೋ ವೋಲ್ಟೇಜು ಸುಮಾರು 220 ಮಿಲಿವೋಲ್ಟ್. ಎರಡು ಸ್ಟಿಕ್ಕರಲ್ಲೂ ಅಷ್ಟಷ್ಟೇ ಇದ್ರೆ ತಕ್ಕಡಿಯ ಎರಡು ತಟ್ಟೆ ಥರ ಒಂದನ್ನೊಂದು ಹೊಡೆದು ಹಾಕುತ್ತೆ, ಆಗ ತುಲಾಭಾರದ ತುಳಸಿ ದಳದ ಥರ ಆ 1 ಮಿಲಿವೋಲ್ಟ್ ಕಾಣುತ್ತೆ. ಒಂದು ತಟ್ಟೆ ಅಲ್ಲಾಡಿದ್ರೆ ತುಳಸಿಯೂ ಇಲ್ಲ ಕೃಷ್ಣನೂ ಇಲ್ಲ. ಅದಕ್ಕೇ ಒಂದೇ ಪೇಷೆಂಟಿಗೆ ಎರಡು ಕಂಪನಿ ಸ್ಟಿಕ್ಕರ್ ಬೆರೆಸ್ಬಾರದು ಅನ್ನೋದು. "ನಾಲ್ಕು ಇದ್ರದ್ದು ಹಾಕು, ಒಂದು ಕಮ್ಮಿ ಬಿತ್ತಾ, ಆ ಪ್ಯಾಕೆಟ್ಟಿಂದ ತಗೋ" ಅಂತ ನಾನೇ ಎಷ್ಟೋ ಸಲ ಮಾಡಿದೀನಿ, ಈಗ ನೆನೆಸ್ಕೊಂಡ್ರೆ ನಾಚಿಕೆ.

ಅಗ್ಗದವ್ರು ಕೆಲವ್ರು ಬೆಳ್ಳಿ ಉಳಿಸಕ್ಕೆ ಹೋಗಿ ಬೇರೆ ಲೋಹ ಹಾಕ್ತಾರೆ. ಸುಮ್ನೆ ಮಲಗಿರೋ ಪೇಷೆಂಟಿಗೆ ಅದೂ ಗೆರೆ ಬರೆಯುತ್ತೆ, ಗೊತ್ತೇ ಆಗಲ್ಲ. ಗೊತ್ತಾಗೋದು ಐಸಿಯುನಲ್ಲಿ ಶಾಕ್ ಕೊಟ್ಟಾಗ. ಶಾಕ್ ಆದ ತಕ್ಷಣ ಅಂಥ ಲೋಹ ಬ್ಯಾಟರಿ ಥರ ಚಾರ್ಜ್ ಹಿಡ್ಕೊಂಡು ಕೂತ್ಬಿಡುತ್ತೆ, ಸ್ಕ್ರೀನಲ್ಲಿ ಗೆರೆ ಎಲ್ಲಿಗೋ ಹೋಗಿರುತ್ತೆ, ಹೃದಯ ಸರಿ ಹೋಯ್ತಾ ಇಲ್ವಾ ಅಂತ ನೋಡ್ಬೇಕಾದ ಆ ಹೊತ್ತಲ್ಲೇ ನಾವು ಕುರುಡರು. ಇದಕ್ಕೆ ಅಮೆರಿಕದ್ದೊಂದು ಸ್ಟ್ಯಾಂಡರ್ಡ್ ಇದೆ, ಎಎಎಂಐ ಇಸಿ12 ಅಂತ. ಅದ್ರಲ್ಲಿ ಶಾಕ್ ಆದ 5 ಸೆಕೆಂಡಿಗೆ ಉಳಿದಿರೋ ವೋಲ್ಟೇಜು 100 ಮಿಲಿವೋಲ್ಟಿಗಿಂತ ಮೇಲೆ ಇರ್ಬಾರದು. ಹಾಗೇ ಎರಡು ಸ್ಟಿಕ್ಕರ್ ಜೆಲ್ಲಿಗೆ ಜೆಲ್ ಅಂಟಿಸಿ 1 ನಿಮಿಷ ಬಿಟ್ಟು ಅಳೆದ್ರೆ ಆಫ್‌ಸೆಟ್, ಅಂದ್ರೆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ, 100 ಮಿಲಿವೋಲ್ಟ್ ದಾಟಬಾರದು, 10 ಹರ್ಟ್ಸಲ್ಲಿ 12 ಜೋಡಿಯ ಇಂಪಿಡೆನ್ಸ್ (ಎಸಿ ಕರೆಂಟಿಗೆ ಒಡ್ಡೋ ತಡೆ) ಸರಾಸರಿ 2 ಕಿಲೋ ಓಮ್ ಒಳಗಿರ್ಬೇಕು, ಯಾವ ಒಂದು ಜೋಡಿನೂ 3 ದಾಟಬಾರದು. ಡಬ್ಬದ ಮೇಲೋ ಡೇಟಾಶೀಟಲ್ಲೋ ಈ ಇಸಿ12 ಹೆಸರು ಇದ್ಯಾ ಅಂತ ನಾನು ಮೊದ್ಲು ನೋಡೋದು. ಕಂಪನಿ ರೆಪ್ ಬಂದಾಗ ಡೇಟಾಶೀಟ್ ಕೇಳಿ, ಅರ್ಧ ಜನ ಅಲ್ಲೇ "ಮೇಡಂ ಮೇಲ್ ಮಾಡ್ತೀನಿ" ಅಂತ ಎದ್ದು ಹೋಗ್ತಾರೆ, ಮೇಲ್ ಬರಲ್ಲ.

ಆಫ್‌ಸೆಟ್ ಚೆಕ್ ಮಾಡಕ್ಕೆ ಲ್ಯಾಬ್ ಬೇಕಿಲ್ಲ. ಎರಡು ಹೊಸ ಸ್ಟಿಕ್ಕರ್ ಮುಖಕ್ಕೆ ಮುಖ ಅಂಟಿಸಿ, ಸಾದಾ ಮಲ್ಟಿಮೀಟರ್ ಡಿಸಿ ಮಿಲಿವೋಲ್ಟಿಗೆ ಇಟ್ಟು ಎರಡು ಗುಂಡಿಗೆ ಮುಟ್ಟಿಸಿ. ಒಳ್ಳೇದಾದ್ರೆ ಒಂದೆರಡು ಮಿಲಿವೋಲ್ಟಲ್ಲಿ ನಿಂತು ಅಲ್ಲಾಡದೆ ಇರುತ್ತೆ. ಆ ಅರ್ಧ ಬೆಲೆಯ ನವೆಂಬರ್ ಬ್ಯಾಚಿನದ್ದು ನಾವು ನೋಡಿದಾಗ ನಂಬರ್ರು ಒಂದು ಕಡೆ ನಿಲ್ತಾನೇ ಇರ್ಲಿಲ್ಲ, ಆಟೋ ಮೀಟರ್ ಥರ ಓಡ್ತಿತ್ತು. ಒಂದು ಮಾತು, ಇದೇ ಮಲ್ಟಿಮೀಟರನ್ನ ಓಮ್ಸಿಗೆ ಇಟ್ಟು ರೆಸಿಸ್ಟೆನ್ಸ್ ಅಳೀಬೇಡಿ, ಮೀಟರು ತಾನೇ ಡಿಸಿ ಕರೆಂಟ್ ಕಳ್ಸಿ ಸ್ಟಿಕ್ಕರನ್ನೇ ಕೆಡಿಸುತ್ತೆ, ಬರೋ ನಂಬರ್ರೂ ಸುಳ್ಳು. ಇಂಪಿಡೆನ್ಸ್ ಅಳೆಯೋದು ಎಸಿಯಲ್ಲಿ, ಅದು ಎಂಜಿನಿಯರ್ ಕೆಲಸ.

ಇದೆಲ್ಲಾ ಬೆಳ್ಳಿ ಕಡೆ ಮಾತು. ಆದ್ರೆ ನಿಜ ಹೇಳ್ಬೇಕು ಅಂದ್ರೆ ದಿನಾ ನಮ್ಮ ಪ್ರಾಣ ತಿನ್ನೋದು ಅಂಟು ಮತ್ತೆ ಜೆಲ್ಲು. ಜೆಲ್ಲಲ್ಲಿ ಎರಡು ಥರ, ಒದ್ದೆ ಜೆಲ್ಲು, ಗಟ್ಟಿ ಜೆಲ್ಲು. ಒದ್ದೆದು ಸ್ಪಂಜಲ್ಲಿ ತುಂಬಿರುತ್ತೆ, ಚರ್ಮಕ್ಕೆ ಬೇಗ ಇಳಿಯುತ್ತೆ, ಸಿಗ್ನಲ್ ಚಕ್ ಅಂತ ಸಿಗುತ್ತೆ, ಟಿಎಂಟಿಗೆ ಅದೇ ಬೇಕು. ಆದ್ರೆ ಉಪ್ಪು ಜಾಸ್ತಿ ಇರೋದ್ರಿಂದ ಹೆಚ್ಚು ಹೊತ್ತು ಬಿಟ್ರೆ ಕೆಲವ್ರಿಗೆ ಉರಿ, ಕೆಂಪು. ಗಟ್ಟಿದು ಹಲಸಿನಹಣ್ಣಿನ ಅಂಟಿನ ಥರ, ಕೊಳೆ ಮಾಡಲ್ಲ, ಚರ್ಮಕ್ಕೆ ಸೌಮ್ಯ, ಆದ್ರೆ ಒಣ ಚರ್ಮದ ಮೇಲೆ ಶುರುವಲ್ಲಿ ಸ್ವಲ್ಪ ಮೊಂಡು. ಹಿಂದೆ ಅಂಟೋ ಪದರದಲ್ಲಿ ಫೋಮ್ ಆದ್ರೆ ನೀರು ಒಳಗೆ ಬರಲ್ಲ, ಒಳಗಿನ ಬೆವರೂ ಆಚೆ ಹೋಗಲ್ಲ. ಬಟ್ಟೆದು ಅಂದ್ರೆ ನಾನ್ ವೋವನ್, ಉಸಿರಾಡುತ್ತೆ, ಮೈ ಜೊತೆ ಬಾಗುತ್ತೆ, ತುರಿಕೆ ಕಮ್ಮಿ. ಟಿಎಂಟಿಗೆ ನಾನು ಕಣ್ಣು ಮುಚ್ಕೊಂಡು ಫೋಮ್ ಒದ್ದೆ ಜೆಲ್ಲು. ಹತ್ತು ಹದಿನೈದು ನಿಮಿಷದ ಓಟ, ಗಟ್ಟಿಯಾಗಿ ಹಿಡೀಬೇಕು, ಉರಿ ಶುರು ಆಗೋಷ್ಟರಲ್ಲಿ ಕಿತ್ತಾಗಿರುತ್ತೆ. ಹೋಲ್ಟರಿಗೆ ಮೈಸೂರಲ್ಲಿ ಅದೇ ಫೋಮ್ ಸಾಕಿತ್ತು, ಇಲ್ಲಿ ಬಟ್ಟೆದೇ ವಾಸಿ ಅನ್ನೋದು ನನ್ನ ಅನುಭವ, ಫೋಮ್ ಒಳಗೆ ಬೆವರು ಕೆರೆ ಕಟ್ಟಿ ಅಂಟು ಒಳಗಿಂದ್ಲೇ ಬಿಟ್ಕೊಂಡು ಬರುತ್ತೆ. ಬೇರೆಯವ್ರು ಬೇರೆ ಹೇಳ್ಬಹುದು, ಹೇಳ್ಲಿ.

ಇನ್ನೊಂದು ಚೆಂದದ ಐಡಿಯಾ ಅಂದ್ರೆ ವೈರ್ ಸಿಕ್ಕಿಸೋ ಗುಂಡಿಯನ್ನ ಮಧ್ಯದಲ್ಲಿ ಇಡದೆ ಪಕ್ಕಕ್ಕೆ ಇಡೋದು. ಡೆನ್ಮಾರ್ಕಿನ ಆಂಬು ಕಂಪನಿಯವ್ರ ಬ್ಲೂಸೆನ್ಸರ್‌ನಲ್ಲಿ ಹಾಗಿದೆ. ವೈರ್ ಎಳೆದ್ರೆ ಆ ಎಳೆತ ಜೆಲ್ಲಿನ ತಲೆ ಮೇಲೆ ಬೀಳಲ್ಲ, ಪಕ್ಕಕ್ಕೆ ಬೀಳುತ್ತೆ. ಬೆಲೆ ಕೇಳಿದ್ರೆ ನಮ್ಮ ಪರ್ಚೇಸ್‌ನವ್ರಿಗೇ ಹೋಲ್ಟರ್ ಕಟ್ಬೇಕಾಗುತ್ತೆ. ಹಾಗಾಗಿ ನಾನು ಬಡವರ ಉಪಾಯ ಮಾಡ್ತೀನಿ, ವೈರಿಗೆ ಒಂದು ಸಣ್ಣ ಸುತ್ತು ಹಾಕಿ ಆ ಸುತ್ತಿನ ಮೇಲೆ ಪೇಪರ್ ಟೇಪ್. ಎಳೆದ್ರೆ ಸುತ್ತು ಬಿಚ್ಕೊಳ್ಳುತ್ತೆ, ಸ್ಟಿಕ್ಕರ್ ಅಲ್ಲಾಡಲ್ಲ.

ಎಷ್ಟೇ ಒಳ್ಳೆ ಸ್ಟಿಕ್ಕರ್ ತಂದ್ರೂ ಚರ್ಮ ರೆಡಿ ಮಾಡದಿದ್ರೆ ದುಡ್ಡು ನೀರಿಗೆ. ಚರ್ಮದ ಮೇಲಿನ ಸತ್ತ ಪದರ ಕೂದಲೆಳೆಗಿಂತ ತೆಳು, ಆದ್ರೆ ತಡೆ ಇರೋದೆಲ್ಲಾ ಅಲ್ಲೇ. ಅಷ್ಟೇ ಅಲ್ಲ, ಚರ್ಮ ಎಳೆದಾಗ ಆ ಪದರದಲ್ಲೇ ಕೆಲವು ಮಿಲಿವೋಲ್ಟ್ ಏರುಪೇರಾಗುತ್ತೆ, ಹೃದಯದ್ದೇ 1 ಅಂದ್ಮೇಲೆ ನೀವೇ ಯೋಚ್ನೆ ಮಾಡಿ. ಒಣ ಗಾಜ್ ಬಟ್ಟೆಯಿಂದ ನಾಲ್ಕು ಸಲ ಉಜ್ಜಿದ್ರೆ ಸಾಕು, ತೆಂಗಿನಕಾಯಿ ತುರಿಯೋ ಥರ ಅಲ್ಲ. ಸೋಪು ನೀರಲ್ಲಿ ತೊಳೆದು ಒರೆಸಿ ಉಜ್ಜೋದು ಬೆಸ್ಟು. ಸ್ಪಿರಿಟ್ ಚರ್ಮ ಒಣಗಿಸುತ್ತೆ, ತಡೆ ಇನ್ನೂ ಜಾಸ್ತಿ ಆಗುತ್ತೆ. ಆದ್ರೆ ನಮ್ಮೂರ ಅಜ್ಜಿಯಂದಿರು ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಸ್ನಾನ ಮಾಡ್ಕೊಂಡು, ಮೇಲಿಂದ ಪೌಡರ್ ಬಳ್ಕೊಂಡು, ಘಮಘಮ ಅಂತ ಬರ್ತಾರೆ, ಡಾಕ್ಟ್ರ ಹತ್ರ ಹೋಗೋದು ಅಂದ್ರೆ ಮರ್ಯಾದೆ ಬೇಡ್ವಾ. ಎಣ್ಣೆ ಪೌಡರ್ ಎರಡೂ ಸೇರಿದ್ರೆ ಯಾವ ದೇವ್ರ ಸ್ಟಿಕ್ಕರೂ ನಿಲ್ಲಲ್ಲ, ಅಂಥವ್ರಿಗೆ ಸ್ಪಿರಿಟ್ ಬೇಕೇ ಬೇಕು, ಪೂರ್ತಿ ಆರೋತನಕ ಕಾಯ್ಬೇಕು. ಈಗ ಅಪಾಯಿಂಟ್‌ಮೆಂಟ್ ಕೊಡೋವಾಗ್ಲೇ ಹೇಳ್ಬಿಡ್ತೀನಿ, ಅಜ್ಜಿ ನಾಳೆ ಒಂದಿನ ಎಣ್ಣೆ ಬೇಡ. ಕರಿಮಣಿ ಸರ ಮತ್ತೆ ದಪ್ಪ ಚೈನು ಸ್ಟಿಕ್ಕರಿನ ಗುಂಡಿಗೆ ತಾಗಿ ತಾಗಿ ಕರಕರ ನಾಯ್ಸ್ ಕೊಡುತ್ತೆ, ತೆಗೀರಿ ಅಂದ್ರೆ ಅಳು ಬರುತ್ತೆ ಅವ್ರಿಗೆ, ಹಾಗಾಗಿ ಹಿಂದಕ್ಕೆ ಹಾಕ್ಸಿ ಟೇಪ್ ಹಾಕೋದು.

ಗಂಡಸ್ರದ್ದು ಕೂದಲು. ಬೋಳಿಸ್ಬೇಕು ಅಂದ್ರೆ ಏನೋ ಮಾನ ಹೋದಂಗೆ ಮುಖ ಮಾಡ್ತಾರೆ. ನವೆಂಬರಿಂದ ಜನವರಿ ತನಕ ಅಯ್ಯಪ್ಪ ಮಾಲೆ ಹಾಕಿದವ್ರು ಬಂದ್ರೆ ಕತ್ತರಿ ತೋರಿಸೋ ಹಾಗೇ ಇಲ್ಲ, ವ್ರತ. ಆಗ ಕೂದಲು ಕಮ್ಮಿ ಇರೋ ಜಾಗ ಹುಡುಕಿ, ಎದೆ ಮೂಳೆ, ಪಕ್ಕೆಲುಬು, ಭುಜದ ಮೂಳೆ ಮೇಲೆ ಹಾಕ್ತೀನಿ. ಮೂಳೆ ಮೇಲೆ ಹಾಕೋದು ಹೇಗೂ ಒಳ್ಳೇದೇ, ಅಡಿಯಲ್ಲಿ ಸ್ನಾಯು ಕುಣಿಯಲ್ಲ.

ಸ್ಟಿಕ್ಕರ್ ಒತ್ತೋವಾಗ ಎಲ್ರೂ ಮಾಡೋ ತಪ್ಪು ಅಂದ್ರೆ ಡೋರ್ ಬೆಲ್ ಒತ್ತಿದಂಗೆ ಮಧ್ಯ ಒತ್ತೋದು. ಜೆಲ್ಲು ಪಕ್ಕಕ್ಕೆ ಚಿಮ್ಮಿ ಅಂಟಿನೊಳಗೆ ಸೇರುತ್ತೆ, ಅಲ್ಲಿಗೆ ಅಂಟೂ ಹಾಳು ಜೆಲ್ಲೂ ಹಾಳು. ಸುತ್ತ ಅಂಚಲ್ಲಿ ಬೆರಳಾಡಿಸಿ ಒತ್ತಬೇಕು, ಹೋಳಿಗೆ ಅಂಚು ಒತ್ತೋ ಥರ. ಅದಕ್ಕೂ ಮುಂಚೆ ವೈರನ್ನ ಗುಂಡಿಗೆ ಸಿಕ್ಕಿಸಿ, ಆಮೇಲೆ ಅಂಟಿಸಿದ್ರೆ ಪೇಷೆಂಟಿಗೆ ಎದೆ ಮೇಲೆ ಗುದ್ದಿದಂಗೂ ಆಗಲ್ಲ.

ಐಸಿಯು ಸಿಸ್ಟರ್‌ಗಳಿಗೆ ಒಂದು ಮಾತು. ಬೆಡ್ ಮೇಲಿನ ಮಾನಿಟರ್ ಸುಮ್ ಸುಮ್ನೆ ಕೂಗ್ತಿದ್ರೆ ಮಷಿನ್‌ಗೆ ಬೈಯೋದು ಬಿಟ್ಟು ಸ್ಟಿಕ್ಕರ್ ಯಾವತ್ತಿಂದು ಅಂತ ನೋಡಿ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಎರಡು ವಾರ್ಡಲ್ಲಿ ದಿನಾ ಸ್ಟಿಕ್ಕರ್ ಬದಲಾಯಿಸಿ ನೋಡಿದ್ರು, ಒಂದು ಬೆಡ್ಡಿಗೆ ದಿನಕ್ಕೆ ಬರೋ ಅಲಾರಂ ಸರಾಸರಿ 46% ಕಮ್ಮಿ ಆಯ್ತು, 2013ರಲ್ಲಿ ಪ್ರಕಟ ಆಗಿದೆ. ಬೇರೇನೂ ಮಾಡ್ಲಿಲ್ಲ, ಬರೀ ದಿನಕ್ಕೊಂದ್ಸಲ ಹೊಸದು. ನಮ್ಮಲ್ಲಿ ಜೆಲ್ ಒಣಗಿ ಕಪ್ಪಾಗಿ ತಾನಾಗೇ ಬೀಳೋತನಕ ಬಿಡ್ತೀವಿ. ಪ್ಯಾಕೆಟ್ಟೂ ಹಾಗೇ, ಐವತ್ತರ ಪ್ಯಾಕೆಟ್ ಹರಿದು ಬಾಯಿ ತೆರೆದು ಟ್ರೇನಲ್ಲಿ ಎಸೀತೀವಿ, ಫ್ಯಾನ್ ಗಾಳಿಗೆ ಎರಡು ಮೂರು ದಿನಕ್ಕೆ ಜೆಲ್ಲು ಹಪ್ಪಳ. ನಾನು ಬಾಯಿ ಮಡಚಿ ಬಟ್ಟೆ ಒಣಗಿಸೋ ಕ್ಲಿಪ್ ಹಾಕಿ, ಮಾರ್ಕರಲ್ಲಿ ತೆರೆದ ತಾರೀಕು ಬರೀತೀನಿ. ಎಕ್ಸ್‌ಪೈರಿ ಡೇಟ್ ಅನ್ನೋದು ಮುಚ್ಚಿದ ಪ್ಯಾಕೆಟ್ಟಿಗೆ, ತೆರೆದದ್ದಕ್ಕಲ್ಲ.

ನನ್ನ ಫೇವರಿಟ್ ಪೇಷೆಂಟ್ ಅಂದ್ರೆ ಒಬ್ರು ಯಕ್ಷಗಾನ ವೇಷಧಾರಿ. ರಾಕ್ಷಸ ವೇಷ ಹಾಕೋರು, ಕುಣಿತದ ನಡುವೆ ಎದೆ ಜಗ್ಗುತ್ತೆ ಅಂತ ಬಂದಿದ್ರು. ಡಾಕ್ಟ್ರು ಹೋಲ್ಟರ್ ಬರೆದು "ಇವತ್ತು ಆಟ ಇದ್ರೆ ಇವತ್ತೇ ಕಟ್ಟು, ಕುಣಿದಾಗ ಏನಾಗುತ್ತೆ ಅಂತಾನೇ ಬೇಕಿರೋದು" ಅಂದ್ರು. ಯೋಚ್ನೆ ಮಾಡಿ, ಮೈ ತುಂಬಾ ದಪ್ಪ ವೇಷ, ಎದೆಗೆ ಕಟ್ಟು, ಮೇಲೆ ಆಭರಣ, ಅದ್ರೊಳಗೆ ಧಾರಾಕಾರ ಬೆವರು. ಬಟ್ಟೆ ಬ್ಯಾಕಿಂಗಿಂದು ಹಾಕಿದೆ, ಎಲ್ಲಾ ಮೂಳೆ ಮೇಲೆ, ಉಜ್ಜಿ, ಸುತ್ತು ಹಾಕಿ ಟೇಪು. ಹಚ್ಚಿದ್ಮೇಲೆ ಕಾಲು ಗಂಟೆ ಫ್ಯಾನ್ ಕೆಳಗೆ ಕೂರಿಸ್ದೆ, ಅಂಟು ಕೂರೋಕೂ ಜೆಲ್ ಚರ್ಮಕ್ಕೆ ಇಳಿಯೋಕೂ ಟೈಮ್ ಬೇಕು, ಇದನ್ನ ಯಾರೂ ಕೊಡಲ್ಲ. ಮಾರನೇ ದಿನ ಬಂದ್ರು, ಕಿವಿ ಹಿಂದೆ ಇನ್ನೂ ಬಣ್ಣ ಇತ್ತು. ಏಳ್ರಲ್ಲಿ ಒಂದು ಮಾತ್ರ ಅರ್ಧ ಎದ್ದಿತ್ತು. ಡೈರಿಯಲ್ಲಿ ಅವ್ರು ಟೈಮ್ ಜೊತೆ "ಪ್ರವೇಶ", "ಯುದ್ಧ", "ಚಾ" ಅಂತ ಬರೆದಿದ್ರು. ಯುದ್ಧದ ಹೊತ್ತಲ್ಲೂ ಗೆರೆ ಓದೋ ಹಾಗಿತ್ತು. ಅಷ್ಟು ಖುಷಿ ನಂಗೆ ಪಿಯುಸಿ ರಿಸಲ್ಟಲ್ಲೂ ಆಗಿರ್ಲಿಲ್ಲ.

ಹಾಂ, ಮಾಮೂಲಿ ಇಸಿಜಿಗೆ ಇಲ್ಲಿ ಇನ್ನೂ ಎದೆಗೆ ಹೀರ್ಕೊಂಡು ಕೂರೋ ರಬ್ಬರ್ ಬಲ್ಬೇ. ಅದೇ ಆರು ಬಲ್ಬು ದಿನಕ್ಕೆ ಹತ್ತಾರು ಎದೆ ಸುತ್ತುತ್ತೆ, ಮಧ್ಯ ಒರೆಸಿದ್ರೆ ಪುಣ್ಯ. ಅದ್ರ ಬಗ್ಗೆ ಇನ್ನೊಂದಿನ ಬೈತೀನಿ.

ಸರಿ, ನನ್ನ ನಾಲ್ಕು ಸ್ಯಾಂಪಲ್ ಕಥೆ. ಈಗ 26 ಗಂಟೆ ಆಯ್ತು. ಮೊದಲನೇದು ಬೆಳಗ್ಗೆ ಬಸ್ ಸ್ಟಾಪಲ್ಲೇ ಒಂದು ಕಡೆ ಬಾಯಿ ಬಿಟ್ಟಿತ್ತು, ಈಗ ನೇತಾಡ್ತಿದೆ, ಔಟ್. ಮೂರನೇದು ಗಟ್ಟಿಯಾಗಿದೆ, ಆದ್ರೆ ಸಂಜೆಯಿಂದ ಕೆರೀತಿದೆ, ಅಂಚಲ್ಲಿ ಕೆಂಪು ಉಂಗುರ ಕಾಣ್ತಿದೆ, ನನ್ನ ಚರ್ಮಕ್ಕೇ ಹೀಗಾದ್ರೆ ಎಪ್ಪತ್ತರ ಅಜ್ಜಿ ಚರ್ಮ ಕಾಗದದ ಥರ ಎದ್ದು ಬರುತ್ತೆ. ಅದನ್ನ ಈಗ ತೆಗೀಬೇಕು. ಸರ್ ಅಂತ ಕೀಳಲ್ಲ, ಒಂದು ಕೈಲಿ ಚರ್ಮ ಒತ್ತಿ ಹಿಡ್ಕೊಂಡು ಇನ್ನೊಂದು ಕೈಲಿ ಅಂಚನ್ನ ಮೈಗೆ ತಾಗಿದ ಹಾಗೇ ಹಿಂದಕ್ಕೆ ಮಡಚ್ತಾ ಹೋಗೋದು, ಬಿಡದಿದ್ರೆ ಅಂಚಿಗೆ ಎರಡು ಹನಿ ಕೊಬ್ಬರಿ ಎಣ್ಣೆ. ಬೆಳಗ್ಗೆಯೆಲ್ಲಾ ಎಣ್ಣೆ ಬೇಡ ಎಣ್ಣೆ ಬೇಡ ಅಂತ ಅಜ್ಜಿಯಂದಿರಿಗೆ ಬೈಯೋ ನಾನು ರಾತ್ರಿ ಅತ್ತೆ ಹತ್ರ ಅದೇ ಬಾಟ್ಲಿ ಕೇಳ್ತಿದೀನಿ.

ಎರಡನೇದು, ನಾಲ್ಕನೇದು ಎರಡೂ ಹಾಗೇ ಇವೆ. ನಾಲ್ಕನೇದ್ರ ಡೇಟಾಶೀಟ್ ಇನ್ನೂ ಮೇಲಲ್ಲಿ ಬಂದಿಲ್ಲ. ನಾಳೆ ಹತ್ತು ಗಂಟೆ ತನಕ ನೋಡ್ತೀನಿ, ಆಮೇಲೆ ಎರಡನೇದ್ರ ಹೆಸರು ಬರ್ದು ಕೊಟ್ಬಿಡ್ತೀನಿ.